ಗಾಡಿ ಎಣಿಸುವುದನ್ನು ಬಿಟ್ಟು ಜನರನ್ನು ಎಣಿಸಿದೆವು

ಶಿರಸಿ ಪೇಟೆಯಲ್ಲಿ ನಾನು ಮೊದಲ ಸಲ ಟ್ರಾಫಿಕ್ ಎಣಿಸಿದ್ದು ಮೇ ತಿಂಗಳಲ್ಲಿ. ಶಾಲೆಗೆ ರಜೆ, ಮಳೆ ಇನ್ನೂ ಹಿಡಿದಿರಲಿಲ್ಲ. ಐದು ರಸ್ತೆ ಸರ್ಕಲ್ ಹತ್ತಿರ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತೆ. ಹದಿನೈದು ನಿಮಿಷಕ್ಕೊಂದು ಹಾಳೆ. ಬೈಕು, ಕಾರು, ಆಟೋ, ಬಸ್ಸು, ಲಾರಿ ಅಂತ ಗೆರೆ ಎಳೆಯುತ್ತಾ ಹೋದೆ. ರಾತ್ರಿ ಕೂಡಿಸಿ ನೋಡಿದರೆ ಉತ್ತರ ಒಂದೇ: ರಸ್ತೆ ಸಾಲದು, ಅಗಲ ಮಾಡಿ.

ಎರಡೂ ಕಡೆ ಹಳೆಯ ಅಂಗಡಿಗಳು. ಅಗಲ ಮಾಡುವುದಾದರೂ ಎಲ್ಲಿಗೆ?

ಲೆಕ್ಕವನ್ನು ಮತ್ತೆ ಮತ್ತೆ ನೋಡಿದಾಗ, ಆ ಉತ್ತರ ಎಣಿಸುವ ಕ್ರಮದಲ್ಲೇ ಕೂತಿದೆ ಅಂತ ಗೊತ್ತಾಯಿತು. ನಾವು ಎಂಜಿನಿಯರುಗಳು ಎಲ್ಲ ಗಾಡಿಯನ್ನೂ ಕಾರಿನ ಅಳತೆಗೆ ಇಳಿಸುತ್ತೇವೆ. ಅದಕ್ಕೆ ಪಿಸಿಯು (ಪ್ಯಾಸೆಂಜರ್ ಕಾರ್ ಯುನಿಟ್) ಅನ್ನುತ್ತಾರೆ, ಅಂದರೆ ಒಂದು ಗಾಡಿ ಎಷ್ಟು ಕಾರಿಗೆ ಸಮ ಅನ್ನುವ ಲೆಕ್ಕ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಟ್ಟಣದ ರಸ್ತೆಗಳಿಗೆ 1990ರಲ್ಲಿ ಕೊಟ್ಟ ಪಟ್ಟಿಯಲ್ಲಿ ಕಾರು 1. ಬೈಕು 0.5ರಿಂದ 0.75. ಬಸ್ಸು 2.2, ರಸ್ತೆಯಲ್ಲಿ ಬಸ್ಸು-ಲಾರಿಗಳ ಪಾಲು ಜಾಸ್ತಿಯಿದ್ದರೆ 3.7. ಬನವಾಸಿಯಿಂದ ಐವತ್ತು ಜನರನ್ನು ತುಂಬಿಕೊಂಡು ಬರುವ ಬಸ್ಸು ಈ ಲೆಕ್ಕದಲ್ಲಿ ರಸ್ತೆಗೆ ಹೊರೆ, ಒಬ್ಬರೇ ಕುಳಿತ ಕಾರು ಹಗುರ. ನಡೆದು ಹೋಗುವವರಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಗಾಡಿಯನ್ನಷ್ಟೇ ಎಣಿಸಿದರೆ ಜಾಗವೂ ಗಾಡಿಗೇ ಹೋಗುತ್ತದೆ, ಅಲ್ವಾ? 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ರಸ್ತೆಯ ಜಾಗವನ್ನು ಜನರನ್ನು ನೋಡಿ ಹಂಚಬೇಕು ಅಂತ ಅದರಲ್ಲಿದೆ.

ಜುಲೈನಲ್ಲಿ ಮತ್ತೆ ಕುಳಿತೆವು. ಈ ಸಲ ಜೊತೆಗೆ ಇಬ್ಬರು ಶಿಕ್ಷಕರು, ನಾಲ್ವರು ಪಿಯು ವಿದ್ಯಾರ್ಥಿಗಳು. ಬೈಕಿನ ಹಿಂದೆ ಕುಳಿತವರನ್ನೂ ಎಣಿಸಿದೆವು, ಆಟೋದೊಳಗಿನ ತಲೆಗಳನ್ನೂ ಎಣಿಸಿದೆವು. ಬಸ್ಸಿಗೆ ಮೂರೇ ಗುರುತು: ಅರ್ಧ ಖಾಲಿ, ಸೀಟು ಭರ್ತಿ, ಜನ ನಿಂತಿದ್ದಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಹಳ್ಳಿ ಬಸ್ಸುಗಳಲ್ಲಿ ಹೆಂಗಸರು ನಿಂತೇ ಬರುತ್ತಿದ್ದರು. ನಡೆಯುವವರಿಗೆ ಬೇರೆ ಹಾಳೆ. ಎಲ್ಲಕ್ಕಿಂತ ಮೊದಲು ತುಂಬಿದ್ದು ಅದೇ ಹಾಳೆ. ಬಸ್ಸಿಳಿದವರೆಲ್ಲ ಮುಂದಿನ ದಾರಿ ನಡೆದೇ ಹೋಗುವವರು ಎಂಬ ಸರಳ ಮಾತು ನನಗೆ ಹೊಳೆದದ್ದೇ ಆಗ.

ಎರಡನೇ ದಿನ ಬೆಳಗ್ಗೆ ಒಬ್ಬ ಹುಡುಗಿಯನ್ನು ನೋಡಿದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ತಮ್ಮನ ಕೈ. ಚರಂಡಿ ಮೇಲಿನ ಹಾಸುಗಲ್ಲಿನಲ್ಲಿ ಬರುತ್ತಿದ್ದಳು. ನಡುವೆ ಒಂದು ವಿದ್ಯುತ್ ಕಂಬ. ಅಲ್ಲಿ ನಿಂತು ಛತ್ರಿ ಮಡಚಿದಳು. ನೆನೆಯುತ್ತಲೇ ತಮ್ಮನನ್ನು ರಸ್ತೆಗೆ ಇಳಿಸಿ, ಕಂಬ ದಾಟಿ, ಮತ್ತೆ ಹತ್ತಿ ಛತ್ರಿ ಬಿಚ್ಚಿದಳು. ಹಿಂದೆ ಬಂದವರೆಲ್ಲ ಹಾಗೇ ಮಾಡಿದರು. ಮಳೆ ನಿಂತಾಗ ಟೇಪ್ ಹಿಡಿದೆ. ಕಂಬಕ್ಕೂ ಕಾಂಪೌಂಡ್ ಗೋಡೆಗೂ ನಡುವೆ 55 ಸೆಂ.ಮೀ. ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 15 ಸೆಂ.ಮೀ. ಮೀರಬಾರದು ಅನ್ನುತ್ತದೆ ರೋಡ್ಸ್ ಕಾಂಗ್ರೆಸ್ಸಿನದೇ ಪಾದಚಾರಿ ಮಾರ್ಗಸೂಚಿ. ನಮ್ಮಲ್ಲಿ ಕೆಲವೆಡೆ ಅಂಚು ನನ್ನ ಮೊಣಕಾಲಿಗೆ ಬರುತ್ತಿತ್ತು. ಮಂಡಿ ನೋವಿನ ಅಜ್ಜಿ ಅದನ್ನು ಹತ್ತುವುದು ಹೇಗೆ?

ಯೋಜನೆ ಬರೆಯುವಾಗ ಕೆಲವರು ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಂಥದ್ದು, ಅಂದರೆ ಬಸ್ಸಿಗೇ ಪ್ರತ್ಯೇಕ ಪಥ, ಬೇಕು ಅಂದರು. ಅದು ಎರಡು ದೊಡ್ಡ ಊರುಗಳನ್ನು ಜೋಡಿಸುವ ದಾರಿಗೆ ಸರಿ, ನಮ್ಮ ಪೇಟೆಗಲ್ಲ. ಸೈಕಲ್ ದಾರಿಯನ್ನೂ ಕೈಬಿಟ್ಟೆ. ಏರು ಜಾಸ್ತಿ, ಮಳೆಯಂತೂ ನಾಲ್ಕು ತಿಂಗಳು. ಉಳಿದದ್ದು ಮೂರು ಕೆಲಸ: ಕಂಬ ಸರಿಸಿ ಹಾಸುಗಲ್ಲು ಸಮ ಮಾಡುವುದು, ಸರ್ಕಲ್ಲಿಗೆ ಅಂಟಿಕೊಂಡಂತೆ ನಿಲ್ಲುವ ಬಸ್ಸನ್ನು ಸ್ವಲ್ಪ ಮುಂದೆ ನಿಲ್ಲಿಸುವುದು, ಜನ ಈಗಾಗಲೇ ದಾಟುವ ಜಾಗದಲ್ಲೇ ಜೀಬ್ರಾ ಪಟ್ಟಿ ಬಳಿಯುವುದು. ಎಲ್ಲಿ ದಾಟುತ್ತಾರೆ ಅಂತ ಕರಾರುವಾಕ್ಕಾಗಿ ತೋರಿಸಿಕೊಟ್ಟವರು ಆಟೋ ಸ್ಟ್ಯಾಂಡಿನ ಚಾಲಕರು.

ಅಂಗಡಿಯವರಿಗೆ ಹೆದರಿಕೆ ಇತ್ತು. ಮುಂದೆ ಬೈಕು ನಿಲ್ಲಿಸಲು ಆಗದಿದ್ದರೆ ಗಿರಾಕಿ ಬರುವುದಿಲ್ಲ ಅಂದರು. ಅವರ ಹೊಟ್ಟೆಪಾಡಿನ ಮಾತು, ತಳ್ಳಿಹಾಕುವಂಥದ್ದಲ್ಲ. ನಾನು ಜಾತ್ರೆಯನ್ನು ನೆನಪಿಸಿದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಬಿಡ್ಕಿ ಬೈಲಿಗೆ ಬಂದು ಕೂರುತ್ತಾಳೆ. 2024ರ ಮಾರ್ಚ್‌ನಲ್ಲೂ ಬಂದಿದ್ದಳು. ಆ ದಿನಗಳಲ್ಲಿ ಗಾಡಿಗಳನ್ನು ದೂರದಲ್ಲೇ ನಿಲ್ಲಿಸಿ ಜನ ನಡೆದೇ ಬರುತ್ತಾರೆ. ವ್ಯಾಪಾರ ಆಗ ಕಡಿಮೆಯಾಗುತ್ತದಾ ಅಂತ ಕೇಳಿದೆ. ಜಾತ್ರೆಯೇ ಬೇರೆ, ದಿನನಿತ್ಯವೇ ಬೇರೆ ಅಂದರು ಒಬ್ಬರು. ಅದೂ ನಿಜ. ಆದರೆ ಅವರೇ ಕೊನೆಗೆ ತಮ್ಮ ಅಂಗಡಿಯ ಮೆಟ್ಟಿಲನ್ನು ಒಂದಡಿ ಹಿಂದಕ್ಕೆ ಕಟ್ಟಿಸಿಕೊಂಡರು.

ಕಂಬದ ಕೆಲಸ ಕಚೇರಿಯಿಂದ ಕಚೇರಿಗೆ ಅಲೆದು ವರ್ಷ ಹಿಡಿಯಿತು. ಬಸ್ಸು ಇನ್ನೂ ಹಳೆ ಜಾಗದಲ್ಲೇ ನಿಲ್ಲುತ್ತದೆ. ಹಾಸುಗಲ್ಲು ಒಂದು ಬದಿ ಮಾತ್ರ ಆಗಿದೆ. ಅಲ್ಲಿ ಮತ್ತೆ ಟೇಪ್ ಹಿಡಿದೆ: 1.6 ಮೀಟರ್. ಇನ್ನೂ 20 ಸೆಂ.ಮೀ. ಬೇಕಿತ್ತು. ಎದುರಿನಿಂದ ಯಾರಾದರೂ ಬಂದರೆ ಒಬ್ಬರು ಛತ್ರಿಯನ್ನು ಸ್ವಲ್ಪ ವಾಲಿಸುತ್ತಾರೆ. ಮಡಚುವುದಿಲ್ಲ, ರಸ್ತೆಗೂ ಇಳಿಯುವುದಿಲ್ಲ. ಈ ಮಳೆಗಾಲದಲ್ಲಿ ಯಲ್ಲಾಪುರ ನಾಕೆಯಲ್ಲಿ ಎಣಿಸುತ್ತಿದ್ದೇವೆ.