ಹಾಫ್ ಮ್ಯಾರಥಾನ್ ತಯಾರಿ: ಭಾನುವಾರದ ಮಧ್ಯಾಹ್ನವನ್ನೂ ಲೆಕ್ಕಕ್ಕೆ ಹಿಡಿಯಿರಿ

ಬೆಳಿಗ್ಗೆ ಎದ್ದು ಓಡುವುದರಿಂದ ಮನೆಯವರಿಗೇನೂ ತೊಂದರೆಯಿಲ್ಲ, ಅವರು ಹೇಗೂ ಮಲಗಿರುತ್ತಾರೆ. ಜಗಳ ಬರುವುದು ಭಾನುವಾರ 16 ಕಿ.ಮೀ. ಓಡಿ ಬಂದು, ಉಂಡು, ಸಂಜೆ ಐದರವರೆಗೆ ಹೆಣದಂತೆ ಬಿದ್ದುಕೊಳ್ಳುವುದಕ್ಕೆ. ನಾನು ಹಾಫ್ ಮ್ಯಾರಥಾನ್ (21.1 ಕಿ.ಮೀ. ಓಟ) ತಯಾರಿಯನ್ನು ಹೊಂದಿಸಿಕೊಂಡದ್ದೇ ಆ ಮಧ್ಯಾಹ್ನ ಉಳಿಯಲಿ ಎಂದು.

ರೇಸ್ ಆರಿಸುವ ಮೊದಲು ಮನೆಯ ಕ್ಯಾಲೆಂಡರ್ ನೋಡಬೇಕು. ನಮ್ಮ ತುಳುನಾಡಿನಲ್ಲಿ ಡಿಸೆಂಬರ್ ಕಳೆದರೆ ನೇಮ (ಭೂತಾರಾಧನೆ), ಜಾತ್ರೆ, ಬಯಲಾಟ. ಫೆಬ್ರವರಿ, ಮಾರ್ಚ್ ಮಕ್ಕಳ ಪರೀಕ್ಷೆ. ಆಮೇಲೆ ಮದುವೆಗಳು, ಜೊತೆಗೆ ಸೆಖೆ. ಉಳಿಯುವುದು ನವೆಂಬರ್, ಡಿಸೆಂಬರ್. ತಯಾರಿಯ 14 ವಾರ ಹಿಂದಕ್ಕೆ ಎಣಿಸಿದರೆ ಶುರು ಮಾಡುವುದು ಮಳೆಗಾಲದಲ್ಲೇ. ಮೈ ಸುಧಾರಿಸಿಕೊಳ್ಳಲೆಂದು ಪ್ರತಿ ನಾಲ್ಕನೇ ವಾರ ಓಡುವ ದೂರದಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಬೇಕು, ಆ ವಾರವನ್ನು ನವರಾತ್ರಿಗೋ ದೀಪಾವಳಿಗೋ ಕೂಡಿಸಿದರೆ ಎರಡೂ ಸಲೀಸು.

ವಾರಕ್ಕೆ ಮೂರು ಓಟ ಸಾಕು. ಮಂಗಳವಾರ 40 ನಿಮಿಷ ನಿಧಾನ. ಗುರುವಾರ ಏರು: ಮಂಗಳೂರಿನವರಿಗೆ ಕದ್ರಿ ಗುಡ್ಡೆ ಇದೆ, ಉಡುಪಿಯವರಿಗೆ ಮಣಿಪಾಲದ ಏರು. ಒಂದು ನಿಮಿಷ ಮೇಲಕ್ಕೆ ಓಡಿ, ನಡೆದು ಇಳಿಯಿರಿ. ಹೀಗೆ ಆರರಿಂದ ಎಂಟು ಸಲ. ಓಡುತ್ತಾ ಇಳಿದರೆ ತೊಡೆಯ ಸ್ನಾಯು ಹಿಡಿದುಕೊಂಡು ಮರುದಿನ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲಿಕ್ಕಾಗುವುದಿಲ್ಲ. ತಪ್ಪಿಹೋದ ಓಟವನ್ನು ಮರುದಿನ ಸೇರಿಸಿ ಓಡಬೇಡಿ, ಬಿಟ್ಟುಬಿಡಿ.

ಇನ್ನು ಭಾನುವಾರ. ಕರಾವಳಿಯಲ್ಲಿ ಬಿಸಿಲಿಗಿಂತ ಗಾಳಿಯ ತೇವವೇ ಕಷ್ಟ. ಬೆವರು ಆರದೆ ಸುರಿದುಹೋಗುತ್ತದೆ, ಮೈ ತಣಿಯುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಏರುತ್ತಾ ಹೋಗುತ್ತದೆ. ಘಟ್ಟದ ಮೇಲಿನವರ ಪೇಸ್ (ಓಟದ ವೇಗ) ನೋಡಿ ಓಡಿದರೆ ಮಧ್ಯಾಹ್ನ ಹೋಯಿತೆಂದೇ ಲೆಕ್ಕ. ಪೂರ್ತಿ ವಾಕ್ಯ ಮಾತಾಡಲು ಉಸಿರಿರುವಷ್ಟೇ ವೇಗ ಸಾಕು. ಓಟಕ್ಕೆ ಮೊದಲೊಮ್ಮೆ, ಓಡಿ ಬಂದು ಮೈ ಒರೆಸಿಕೊಂಡ ಮೇಲೊಮ್ಮೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬಾಕಿ. ಮೈತೂಕದ ಶೇ. 2ಕ್ಕಿಂತ ಹೆಚ್ಚು ಇಳಿದರೆ ಮುಂದಿನ ಸಲ ದಾರಿಯಲ್ಲೇ ಹೆಚ್ಚು ಕುಡಿಯಬೇಕು; ತೂಕ ಏರಿದ್ದರೆ ಕುಡಿದದ್ದು ಅತಿಯಾಯಿತು. ಒಂದು ಗಂಟೆ ಮೀರಿದ ಓಟಕ್ಕೆ ಒಆರ್‌ಎಸ್ (ಉಪ್ಪು, ಸಕ್ಕರೆಯ ಪುಡಿ ಕರಗಿಸಿದ ನೀರು) ಒಯ್ಯುತ್ತೇನೆ. ಲೀಟರಿನ ಪೊಟ್ಟಣವನ್ನು ಸಣ್ಣ ಬಾಟ್ಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗಿ ಹೊಟ್ಟೆ ಕೆಡುತ್ತದೆ.

ಬಂದು ಅರ್ಧ ಗಂಟೆಯೊಳಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಎರಡು ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ. ಅನ್ನ, ನೀರು, ಉಪ್ಪು ಮೂರೂ ಅದರಲ್ಲಿವೆ. ಪೇಟೆಯ ಡಬ್ಬಿ ಪುಡಿಗಳ ಅಗತ್ಯ ನನಗೆ ಕಂಡಿಲ್ಲ. ಮಧ್ಯಾಹ್ನ 25 ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಶನಿವಾರ ರಾತ್ರಿಯ ನಿದ್ದೆ ಕಡಿಮೆಯಾಗಿದೆ ಅಥವಾ ಓಟ ಜೋರಾಗಿದೆ.

ಮಳೆಗಾಲದ ಇನ್ನೊಂದು ಜಗಳ ಒಳಗಿನ ಹಗ್ಗದ್ದು. ಮಕ್ಕಳ ಯೂನಿಫಾರ್ಮ್ ಒಣಗಲು ಜಾಗ ಇಲ್ಲದಾಗ ನಿಮ್ಮ ಚಂಡಿ (ಒದ್ದೆ) ಬನಿಯನ್ ಅಲ್ಲಿ ನೇತಾಡಬಾರದು. ಸ್ನಾನದ ಹೊತ್ತಿಗೇ ಹಿಂಡಿ, ಒಣ ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಇನ್ನೊಮ್ಮೆ ಹಿಂಡಿದರೆ ಫ್ಯಾನಿನಡಿ ಸಂಜೆಗೆ ಒಣಗುತ್ತದೆ. ಶೂವಿನ ಒಳ ಅಟ್ಟೆ ತೆಗೆದು ಪೇಪರ್ ತುರುಕಿ, ಗಂಟೆ ಕಳೆದು ಪೇಪರ್ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಹೊರಗೆ ಪಾಚಿ ಹಿಡಿದ ಇಂಟರ್‌ಲಾಕ್ ಇಟ್ಟಿಗೆಗಳ ಮೇಲೆ ಕಾಲಿಡಬೇಡಿ, ಕಾಂಕ್ರೀಟ್ ರಸ್ತೆಯೇ ವಾಸಿ.

ರೇಸಿನ ದಿನ ನಸುಕಿಗೇ ಮಕ್ಕಳನ್ನು ಎಬ್ಬಿಸಿ ಸ್ಟಾರ್ಟ್‌ಗೆ ಎಳೆದೊಯ್ಯುವುದು ಬೇಡ. ನಿಮ್ಮ ಅಂದಾಜು ಸಮಯಕ್ಕೆ ಕಾಲು ಗಂಟೆ ಮೊದಲು ಫಿನಿಶ್ ಹತ್ತಿರ ಬಂದರೆ ಸಾಕೆಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಹೇಳಿಡಿ, ಬರುವಾಗ ಒಣ ಬಟ್ಟೆ, ಚಪ್ಪಲಿ ತರಲು ಕೂಡ.