ಚೀಟಿಯಲ್ಲಿ ಕರ್ತೃ ಎಲ್ಲಿ? ಊರ ಪ್ರದರ್ಶನಕ್ಕೆ ಬರಹ ಬರೆಯುವ ಬಗೆ

ಮುಧೋಳದಲ್ಲಿ ಮೊದಲ ಸಲ ಪ್ರದರ್ಶನ ಇಟ್ಟಾಗ ನನ್ನದೇ ಚಿತ್ರದ ಕೆಳಗೆ ಹೀಗೊಂದು ಚೀಟಿ ಅಂಟಿಸಿದ್ದೆ: ‘ಹಲಗಲಿ ಬೇಡರ ದಂಗೆ, 1857. ದಂಗೆಕೋರರನ್ನು ಗಲ್ಲಿಗೇರಿಸಲಾಯಿತು.’ ನಮ್ಮ ಆಯಿಗೆ ಓದಲು ಬರುವುದಿಲ್ಲ, ಓದಿ ಹೇಳಿದೆ. ‘ಯಾರ್ ಏರಿಸಿದ್ರೋ ತಮ್ಮಾ? ತಾವ ಹೋಗಿ ಏರಿದ್ರೇನು?’ ಅಂದಳು. ನಾನು ಬೇಡರ ಮನೆಯ ಹುಡುಗ. ಬರೆದದ್ದು ಮಾತ್ರ ಬ್ರಿಟಿಷ್ ಸಾಹೇಬರ ವಾಕ್ಯ.

ಅಂದಿನಿಂದ ನನ್ನ ಮೊದಲ ಕೆಲಸ, ‘ಲಾಯಿತು’ ಅಂತ ಮುಗಿಯುವ ಮಾತಿಗೆಲ್ಲ ಪೆನ್ಸಿಲ್ಲಿನಲ್ಲಿ ಸುತ್ತು ಹಾಕುವುದು. ಮಾಡಿದವನು ಅದರ ಹಿಂದೆಯೇ ಅಡಗಿರುತ್ತಾನೆ, ಹೊರಗೆಳೆಯಿರಿ. ಈಗ ಆ ಚೀಟಿ ಹೀಗಿದೆ: ‘ಆಯುಧ ಒಪ್ಪಿಸಿರೆಂದು ಕಂಪನಿ ಸರ್ಕಾರ ಹುಕುಂ ಮಾಡಿತು. ಬೇಟೆಯಾಡುವ ಹಲಗಲಿಯ ಬೇಡರು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಗೆ ಕಂಪನಿಯ ದಂಡು ಊರಿಗೆ ನುಗ್ಗಿತು. ಡಿಸೆಂಬರಿನಲ್ಲಿ 13 ಮಂದಿಯನ್ನು ಮುಧೋಳದಲ್ಲಿ, 6 ಮಂದಿಯನ್ನು ಹಲಗಲಿಯಲ್ಲಿ ನೇಣಿಗೆ ಹಾಕಿತು.’ ಉದ್ದವಾಯಿತು ನಿಜ. ಇರಲಿ.

ಸಾಹೇಬರ ಪದವನ್ನು ಬಚ್ಚಿಡಲೂ ಬೇಡಿ. ‘ಅಪರಾಧಿ ಬುಡಕಟ್ಟು’ ಅನ್ನುವುದು ಯಾರ ಗುಣವೂ ಅಲ್ಲ, 1871ರ ಒಂದು ಕಾಯ್ದೆಯ ಹೆಸರು. 1952ರಲ್ಲಿ ಅದನ್ನು ತೆಗೆದುಹಾಕಿದರು. ಬಳಸಲೇಬೇಕಾದರೆ ಪಕ್ಕದಲ್ಲಿ ಎರಡೂ ಇಸವಿ ಹಾಕಿ.

ಇನ್ನು ಕೌದಿ, ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆ. ‘ಕಲಾವಿದರು: ಅಜ್ಞಾತ’ ಅಂತ ಬರೆಯುವವರ ಮೇಲೆ ನನಗೆ ಸಿಟ್ಟಿದೆ. ಹೊಲಿದವಳ ಹೆಸರು ಮನೆಯವರಿಗೆ ಗೊತ್ತು, ಕೇಳಿದವರಿಲ್ಲ ಅಷ್ಟೇ. ನೇರವಾಗಿ ಹೆಸರು ಕೇಳಿದರೆ ಸಂಕೋಚಪಡುತ್ತಾರೆ. ಕೌದಿಯನ್ನು ನೆಲಕ್ಕೆ ಹಾಸಿ, ಒಂದು ತುಂಡಿನ ಮೇಲೆ ಬೆರಳಿಟ್ಟು ‘ಇದು ಯಾರ ಸೀರೆ?’ ಅನ್ನಿ. ಒಬ್ಬ ಅಕ್ಕ ಹೀಗೆ ಶುರು ಮಾಡಿದವರು ಗುಳೇದಗುಡ್ಡದ ಖಣದ ತುಂಡು ತಾಯಿಯ ಕುಪ್ಪಸ, ಮೂಲೆಯಲ್ಲಿದ್ದ ಇಳಕಲ್ಲಿನ ಕೆಂಪು ಸೆರಗು ಅತ್ತೆಯದು ಅಂತ ಒಂದೊಂದೇ ಹೇಳುತ್ತ ಹೋದರು. ಕೌದಿ ಮಗುಚಿದರೆ ಹಿಂದೆ ಒಂದು ಕಡೆ ಹೊಲಿಗೆ ದಪ್ಪ ದಪ್ಪ. ‘ಅವ್ವಗ ಕಣ್ಣ ಮಂಜಾದ ಮ್ಯಾಲ ಹೊಲದದ್ದು’ ಅಂದರು. ಆ ಮಾತನ್ನೇ ಚೀಟಿಗೆ ಹಾಕಿದೆ. ಹೆಸರು ಹಾಕಲು ಮಾತ್ರ ಒಪ್ಪಿಗೆ ಕೇಳಿಯೇ ಹಾಕಿ.

ಅಕ್ಷರ ದಪ್ಪವಿರಲಿ. ಬರೆದದ್ದನ್ನು ಓದು ಬಾರದ ಒಬ್ಬರಿಗೆ ಗಟ್ಟಿಯಾಗಿ ಓದಿ ತೋರಿಸಿ, ‘ಯಾರು?’ ಅಂತ ಕೇಳಿದರೆ ತಿದ್ದಿ. ಚೀಟಿ ಅಂಟಿಸಲು ಫೆವಿಕಾಲ್ ಬೇಡ, ಗುಂಡುಪಿನ್ನು ಸಾಕು. ಹೋದ ಸಲ ಎರಡನೇ ದಿನವೇ ಮೂರು ಚೀಟಿ ಕಿತ್ತು ಬರೆಯಬೇಕಾಯಿತು.