ಅಂಗೈಯ ಬೊಕ್ಕೆ, ಗಂಟುನೋವಿನ ಇಂಜೆಕ್ಷನ್

ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ನನಗೆ ಕೆಲವು ವರ್ಷಗಳಿಂದ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಗಂಟುನೋವು. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್ ಮಾತ್ರೆ ಸಾಲದೆ ಹೋದಾಗ ಮಂಗಳೂರಿನ ಡಾಕ್ಟರು ಕ್ಷಯದ ಪರೀಕ್ಷೆ ಮಾಡಿಸಿ, ಅಡಾಲಿಮುಮ್ಯಾಬ್ ಎಂಬ ಇಂಜೆಕ್ಷನ್ ಶುರು ಮಾಡಿದರು. 40 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ, ಚರ್ಮದ ಅಡಿಗೆ. ಎರಡು ತಿಂಗಳಲ್ಲಿ ಬೆಳಗ್ಗೆ ಎದ್ದು ದೋಸೆ ಸಟ್ಟುಗ ಹಿಡಿಯುವ ಹಾಗಾಯಿತು. ಆ ನೆಮ್ಮದಿ ಅನುಭವಿಸಿದವರಿಗೇ ಗೊತ್ತು.

ಮೊದಮೊದಲು ಚುಚ್ಚಿದ ಜಾಗ ರೂಪಾಯಿ ನಾಣ್ಯದಷ್ಟು ಅಗಲ ಕೆಂಪಾಗಿ ತುರಿಸುತ್ತಿತ್ತು. ನಾನು ಫ್ರಿಜ್‌ನಿಂದ ತೆಗೆದ ಕೂಡಲೇ, ಪ್ರತಿಸಲ ಬಲ ತೊಡೆಯ ಒಂದೇ ಕಡೆ ಚುಚ್ಚಿಕೊಳ್ಳುತ್ತಿದ್ದೆ. ಈಗ ಅರ್ಧ ಗಂಟೆ ಮೊದಲೇ ಹೊರಗಿಡುತ್ತೇನೆ. ಬಿಸಿ ನೀರಲ್ಲಿ ಇಡುವುದಿಲ್ಲ. ಒಮ್ಮೆ ಎಡ ತೊಡೆ, ಒಮ್ಮೆ ಬಲ ತೊಡೆ, ಒಮ್ಮೆ ಹೊಟ್ಟೆ. ಹೊಟ್ಟೆಯಾದರೆ ಹೊಕ್ಕುಳಿನಿಂದ ಎರಡು ಇಂಚು ದೂರ. ಆಮೇಲೆ ತಿಕ್ಕುವುದಿಲ್ಲ. ಈ ಕೆಂಪು ಮೂರ್ನಾಲ್ಕು ದಿನದಲ್ಲಿ ತಾನಾಗಿ ಇಳಿಯಿತು, ಅದಕ್ಕೆ ಹೆದರಬೇಕಾಗಿರಲಿಲ್ಲ.

ನಾನು ಎಡವಿದ್ದು ಬೇರೆ ಕಡೆ. ಆಟಿ ತಿಂಗಳು. ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ನಡೆದಿತ್ತು, ಮೈಲುತುತ್ತು ಕಲಸಲು ನಾನೂ ಕೈಹಾಕಿದ್ದೆ. ವಾರದೊಳಗೆ ಅಂಗೈಯಲ್ಲಿ ಸಾಸಿವೆ ಕಾಳಿನಷ್ಟು ಹಳದಿ ಬೊಕ್ಕೆಗಳು. ಒಣಗಿ ಕಂದು ಚುಕ್ಕೆಯಾದವು, ಆಮೇಲೆ ಚರ್ಮ ಸಿಪ್ಪೆ ಎದ್ದು ಬಂತು. ಹೆಬ್ಬೆರಳ ಬುಡದಲ್ಲಿ ಬಿರಿದು, ಉಪ್ಪು ಮುಟ್ಟಿದರೆ ಕಣ್ಣೀರು ಬರುತ್ತಿತ್ತು.

“ಮೈಲುತುತ್ತಿನ ಸುಡು ಅದು, ಎಣ್ಣೆ ಹಚ್ಚು” ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿತು. ಮೂರು ವಾರ ತೆಂಗಿನೆಣ್ಣೆ ಹಚ್ಚಿದೆ.

ಒಂದು ರಾತ್ರಿ ಕಾಲು ತೊಳೆಯುವಾಗ ಅಂಗಾಲಿನ ಒಳಬದಿಯಲ್ಲೂ ಅದೇ ಬೊಕ್ಕೆ ಕಂಡಿತು. ಮೈಲುತುತ್ತು ಮುಟ್ಟಿದ್ದು ಕೈ ಅಲ್ವಾ? ಗಮ್‌ಬೂಟ್ ಹಾಕಿದ್ದ ಕಾಲಿಗೆ ಹೇಗೆ ಬಂತು?

ಮರುದಿನವೇ ಮಂಗಳೂರಿಗೆ ಹೋದೆ. ಇಂಜೆಕ್ಷನ್‌ನಿಂದಲೇ ಬಂದ, ಸೋರಿಯಾಸಿಸ್ ಎಂಬ ಚರ್ಮರೋಗದ ತರದ ಬೊಕ್ಕೆ ಅಂದರು ಚರ್ಮದ ಡಾಕ್ಟರು. ವಿಚಿತ್ರ ಏನೆಂದರೆ, ಸೋರಿಯಾಸಿಸ್‌ಗೂ ಇದೇ ಮದ್ದು ಕೊಡುತ್ತಾರೆ. ಇದು ಟಿಎನ್‌ಎಫ್ ಎಂಬ ಉರಿಯೂತದ ವಸ್ತುವನ್ನು ತಡೆಯುತ್ತದೆ. ಕೆಲವರಲ್ಲಿ ಆಗ ಚರ್ಮದಲ್ಲಿ ಇಂಟರ್‌ಫೆರಾನ್ ಎಂಬ ಇನ್ನೊಂದು ವಸ್ತು ಜಾಸ್ತಿಯಾಗುತ್ತದಂತೆ. ಶುರು ಮಾಡಿ ತಿಂಗಳುಗಟ್ಟಲೆ ಆದ ಮೇಲೂ ಬರಬಹುದು.

“ಇನ್ನು ಇಂಜೆಕ್ಷನ್ ಬೇಡವೇ ಬೇಡ” ಅಂತ ನಾನು ಹಠ ಹಿಡಿದೆ. “ಅಕ್ಕಾ, ನೀವಾಗಿ ನಿಲ್ಲಿಸಬೇಡಿ, ಗಂಟು ಮತ್ತೆ ಹಿಡಿದರೆ ಕಷ್ಟ” ಅಂದಳು ನರ್ಸ್ ಹುಡುಗಿ. ಮೊದಲು ಸ್ಟೀರಾಯ್ಡ್ ಮುಲಾಮು ಕೊಟ್ಟು ನೋಡಿದರು. ತುಂಬಾ ಜನರಿಗೆ ಅಷ್ಟರಲ್ಲೇ ಹತೋಟಿಗೆ ಬರುತ್ತದೆ. ನನಗೆ ಬರಲಿಲ್ಲ. ಇಬ್ಬರೂ ಡಾಕ್ಟರು ಮಾತಾಡಿಕೊಂಡು ಬೇರೆ ಗುಂಪಿನ ಮದ್ದಿಗೆ ಬದಲಾಯಿಸಿದರು. ದೀಪಾವಳಿ ಹೊತ್ತಿಗೆ ಅಂಗೈ ಮೆತ್ತಗಾಯಿತು.

ಆ ಮೂರು ವಾರ ಸುಮ್ನೆ ಕಳೆದೆನಲ್ಲ ಎಂಬ ನೋವು ಇನ್ನೂ ಇದೆ. ಈಗ ಮೈಮೇಲೆ ಏನೇ ಎದ್ದರೂ ಕಿಟಕಿ ಬೆಳಕಲ್ಲಿ, ಪಕ್ಕದಲ್ಲಿ ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯುತ್ತೇನೆ. ಕೊನೆಯ ಡೋಸ್ ತಾರೀಕು ಪಕ್ಕದಲ್ಲೇ ಬರೆಯುತ್ತೇನೆ. ಇಂಥ ಮದ್ದಿನಿಂದ ಸೋಂಕು ತಡೆಯುವ ಶಕ್ತಿ ತಗ್ಗುತ್ತದೆ, ಹಾಗಾಗಿ ಜ್ವರದ ಜೊತೆ ಚರ್ಮ ಕೆಂಪಾಗಿ ಬಿಸಿಯಾದರೆ ಮುಂದಿನ ಡೋಸ್‌ಗೆ ಮೊದಲು ಡಾಕ್ಟರಿಗೆ ಫೋನ್ ಮಾಡಬೇಕು. ಸರ್ಪಸುತ್ತು ಕಂಡರೆ ಕೆಮ್ಮಣ್ಣು ಹಚ್ಚಿ ಕೂರುವ ಹಾಗಿಲ್ಲ. ಅದರ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಊರಿಂದ ಮಂಗಳೂರಿಗೆ ಹೋಗಿಬರುವುದಕ್ಕೇ ಒಂದು ದಿನ ಬೇಕು.